ಎಳ್ಳೆಣ್ಣೆಯ ಸೂಜಿ

ಆ ಔಷಧಕ್ಕೆ ಒಂದು ಹನಿ ನೀರು ಸೋಕುವಂತಿರಲಿಲ್ಲ. ಫ್ಲುಫೆನಜಿನ್ ಡೆಕನೊಯೇಟ್ ಅಂತ ಅದರ ಪೂರ್ತಿ ಹೆಸರು. ವಾರ್ಡಿನಲ್ಲಿ ನಾವೆಲ್ಲ ಅನಾಟೆನ್ಸಾಲ್ ಎಂದೇ ಕರೆಯುತ್ತಿದ್ದೆವು. ಪುಟ್ಟ ಗಾಜಿನ ಆಂಪೂಲು, ಅದರೊಳಗೆ ಒಂದು ಎಂ.ಎಲ್. ತಿಳಿಹಳದಿ ಎಣ್ಣೆ, ಆ ಎಣ್ಣೆಯಲ್ಲಿ ಕರಗಿಸಿದ 25 ಮಿಲಿಗ್ರಾಂ ಮದ್ದು. ಎಣ್ಣೆ ಯಾವುದು ಅಂತೀರಿ? ಎಳ್ಳೆಣ್ಣೆ. ಅಮ್ಮ ಶನಿವಾರ ನಮ್ಮ ನೆತ್ತಿಗೆ ತಟ್ಟಿ ಹಂಡೆ ನೀರು ಹೊಯ್ಯುತ್ತಿದ್ದಳಲ್ಲ, ಅದೇ ಎಳ್ಳೆಣ್ಣೆ, ಶುದ್ಧ ಮಾಡಿ ಗಾಜಿನೊಳಗೆ ಸೀಲು ಮಾಡಿದ್ದು. ನಾನು ಕೆಲಸಕ್ಕೆ ಸೇರಿದ 1981ರಲ್ಲಿ ಸಿರಿಂಜುಗಳೂ ಗಾಜಿನವೇ. ಸ್ಟೆರಿಲೈಜರಿನಲ್ಲಿ ಕುದಿಸಿ ತೆಗೆದರೆ ಒಳಗೆ ನೀರಿನ ಪಸೆ ಉಳಿಯುತ್ತಿತ್ತು. ಆ ಪಸೆಯ ಮೇಲೆ ಈ ಎಣ್ಣೆ ಎಳೆದರೆ ತಿಳಿಯಾಗಿದ್ದದ್ದು ಮಬ್ಬಾಗುತ್ತಿತ್ತು. ಅದಕ್ಕಾಗಿ ನಮ್ಮ ದೊಡ್ಡ ಸಿಸ್ಟರ್ ಬೇರೆಯೇ ಒಂದು ಟ್ರೇ ಮಾಡಿಸಿದ್ದರು. ಓವನ್ನಿನಲ್ಲಿ ಒಣಗಿಸಿದ ಸಿರಿಂಜು, ಸೂಜಿ ಮಾತ್ರ ಅದರಲ್ಲಿ. ಮೇಲೆ ಹೊದಿಸಿದ ಬಟ್ಟೆಗೆ ಗುರುತಿಗೆ ಕೆಂಪು ದಾರದ ಅಂಚು. ಒದ್ದೆ ಕೈಯಲ್ಲಿ ಆ ಬಟ್ಟೆ ಮುಟ್ಟಿದವರಿಗೆ ಅವತ್ತಿನ ಟೀ ಇಲ್ಲ.

ಬೆಂಗಳೂರಿನಲ್ಲಿ ಡಿ.ಪಿ.ಎನ್. ಮುಗಿಸಿ, ಅಂದರೆ ಮಾನಸಿಕ ರೋಗಿಗಳ ಶುಶ್ರೂಷೆಯಲ್ಲಿ ಡಿಪ್ಲೊಮಾ ಪಡೆದು, ಜಿಲ್ಲಾ ಆಸ್ಪತ್ರೆಗೆ ಬಂದಿದ್ದೆ. ಬೆಂಗಳೂರಿನ ಹಳೆಯ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಒಂದಾಗಿ 1974ರ ಡಿಸೆಂಬರಿನಲ್ಲಿ ನಿಮ್ಹಾನ್ಸ್ ಆಗಿತ್ತು. ಹೊಸ ಹೆಸರು ಬಂದು ಏಳು ವರ್ಷವಾದರೂ ಊರಿನವರ ಬಾಯಲ್ಲಿ ಅದು ಹುಚ್ಚಾಸ್ಪತ್ರೆಯೇ. ನಾನು ಯಾವ ಕೋರ್ಸು ಮಾಡಿದೆ ಅಂತ ಅಪ್ಪ ನೆಂಟರಿಗೆ ಹೇಳುವಾಗ ಮೊದಲ ಮಾತು ನುಂಗಿಕೊಂಡು "ನರ್ಸಿಂಗು" ಅಂತಷ್ಟೇ ಹೇಳುತ್ತಿದ್ದರು. ನನಗೆ ಮಾತ್ರ ಹೆಮ್ಮೆಯೋ ಹೆಮ್ಮೆ. ಗಂಜಿ ಹಾಕಿದ ಬಿಳಿ ಸೀರೆ, ತಲೆ ಮೇಲೆ ಪಿನ್ನು ಚುಚ್ಚಿ ನಿಲ್ಲಿಸಿದ ಕ್ಯಾಪು, ತಿಂಗಳಿಗೆ ಐನೂರು ಚಿಲ್ಲರೆ ರೂಪಾಯಿ ಸಂಬಳ. ಲೋಕದಲ್ಲಿ ಇನ್ನು ಕಲಿಯುವುದೇನೂ ಉಳಿದಿಲ್ಲ ಅನ್ನುವ ದಿಮಾಕು ಇಪ್ಪತ್ತೆರಡರ ವಯಸ್ಸಿಗೆ ಸಹಜ. ಆ ಹುಡುಗಿಯನ್ನು ನೆನೆದರೆ ಈಗ ನಗು ಬರುತ್ತದೆ, ಪ್ರೀತಿಯೂ ಬರುತ್ತದೆ.

ವಾರ್ಡಿನ ವಾಸನೆ ಮೂಗಿನಲ್ಲಿ ಇನ್ನೂ ಇದೆ. ನೆಲಕ್ಕೆ ಲೈಸಾಲು, ಕೈಗೆ ಸ್ಪಿರಿಟ್ಟು, ಕಿಟಕಿ ಹತ್ತಿರ ಬೀಡಿ, ಮಧ್ಯಾಹ್ನವಾದರೆ ತಪ್ಪಲೆಯಿಂದ ಹುರುಳಿ ಸಾರಿನ ಘಮ. ಇವೆಲ್ಲದರ ಮೇಲೆ ಸವಾರಿ ಮಾಡುತ್ತಿದ್ದದ್ದು ಪ್ಯಾರಾಲ್ಡಿಹೈಡಿನ ಘಾಟು. ಕೆರಳಿದವರನ್ನು ಮಲಗಿಸಲು ಕೊಡುತ್ತಿದ್ದ ಹಳೇ ಮದ್ದು ಅದು. ಪ್ಲಾಸ್ಟಿಕನ್ನೇ ಕರಗಿಸುವಂಥದ್ದು, ಗಾಜಿನ ಸಿರಿಂಜಿನಲ್ಲೇ ಕೊಡಬೇಕಿತ್ತು. ಕೊಡಿಸಿಕೊಂಡವರ ಉಸಿರಿನಲ್ಲಿ ಮಾರನೇ ದಿನವೂ ಅದರ ವಾಸನೆ. ಅದಕ್ಕೆ ಹೋಲಿಸಿದರೆ ನಮ್ಮ ಎಳ್ಳೆಣ್ಣೆಯ ಮದ್ದಿಗೆ ವಾಸನೆಯೇ ಇರಲಿಲ್ಲ.

ಈ ಸೂಜಿ ಬಂದದ್ದು ಯಾಕೆ ಅಂತ ನಿಮಗೆ ಹೇಳಬೇಕು. ಸ್ಕಿಜೋಫ್ರೇನಿಯಾ ಇರುವವರಿಗೆ ಕಾಯಿಲೆ ಇಳಿದ ಮೇಲೂ ಮದ್ದು ಮುಂದುವರಿಸಬೇಕು. ಕಿವಿಯೊಳಗಿನ ದನಿಗಳು ನಿಂತು, ಸರಿಯಾಗಿ ನಿದ್ದೆ ಬಂದು, ಹೊಲಕ್ಕೆ ಹೋಗಿ ಕೆಲಸ ಮಾಡುವಂತಾದ ಮನುಷ್ಯ "ನನಗೇನಾಗಿದೆ ಅಂತ ಮಾತ್ರೆ?" ಅಂತ ಕೇಳುವುದು ನ್ಯಾಯವೇ. ಮಾತ್ರೆ ಬಿಟ್ಟ ಕೆಲವು ತಿಂಗಳಿಗೆ ಕಾಯಿಲೆ ಹಿಂತಿರುಗುತ್ತಿತ್ತು. ದಿನಾ ಮೂರು ಹೊತ್ತು ನುಂಗುವುದರ ಬದಲು ಎರಡು ವಾರಕ್ಕೋ ನಾಲ್ಕು ವಾರಕ್ಕೋ ಒಂದು ಸೂಜಿ ಅಂದಾಗ ಎಷ್ಟೋ ಮನೆಗಳಲ್ಲಿ ನಿಟ್ಟುಸಿರು ಬಿಟ್ಟರು. ಸ್ನಾಯುವಿನ ಆಳದಲ್ಲಿ ಎಣ್ಣೆ ಗುಳ್ಳೆಯಾಗಿ ಕೂರುತ್ತದೆ. ಮದ್ದನ್ನು ಕೊಬ್ಬಿನ ಆಮ್ಲವೊಂದಕ್ಕೆ ಬೆಸೆದಿರುತ್ತಾರೆ, ಅದು ಎಣ್ಣೆ ಬಿಟ್ಟು ಚೂರುಚೂರೇ ರಕ್ತಕ್ಕೆ ಇಳಿಯುತ್ತದೆ, ಇಳಿದ ಮೇಲೆ ಬೆಸುಗೆ ಬಿಟ್ಟು ಕೆಲಸ ಶುರು ಮಾಡುತ್ತದೆ. ನಮ್ಮ ಡಾಕ್ಟರು ಇದನ್ನು ಮನೆಯವರಿಗೆ ಚಿತ್ರ ಬರೆದು ತೋರಿಸುತ್ತಿದ್ದರು, ಆಸ್ಪತ್ರೆಯ ಚೀಟಿಯ ಹಿಂಬದಿಯಲ್ಲಿ.

ಒಬ್ಬ ಅಜ್ಜನಿಗೆ ಆ ಚಿತ್ರದ ಅಗತ್ಯವೇ ಬೀಳಲಿಲ್ಲ. ಮೊಮ್ಮಗನಿಗೆ ಸೂಜಿ ಬೇಡವೇ ಬೇಡ, ಮೈ ಸುಟ್ಟು ಹೋಗುತ್ತದೆ ಅಂತ ಹಟ ಹಿಡಿದು ಆಸ್ಪತ್ರೆಯ ಜಗಲಿಯಲ್ಲಿ ಕಂಬಳಿ ಹಾಸಿಕೊಂಡು ಕೂತಿದ್ದ. ಎಲೆಅಡಿಕೆ ಚೀಲ ಬಿಚ್ಚಿ, ಅಡಕೊತ್ತಿನಲ್ಲಿ ಅಡಿಕೆ ಕತ್ತರಿಸುತ್ತಾ, "ಏನೈತವ್ವ ಆ ಸೀಸೆವೊಳಗೆ?" ಅಂದ. "ಎಳ್ಳೆಣ್ಣೇಲಿ ಕಲಸಿದ ಮದ್ದು ತಾತ," ಅಂದೆ. ಅಡಕೊತ್ತು ಅಲ್ಲೇ ನಿಂತಿತು. "ಎಳ್ಳೆಣ್ಣೇನಾ? ಅಂಗಾದ್ರೆ ಹಾಕು. ಶನಿಕಾಟಕ್ಕೆ ನಾವೂ ಅದನ್ನೇ ಅಲ್ವಾ ಹಚ್ಚಿಸೋದು?" ಅಂದ. ನಾನು ತಿದ್ದಲು ಹೋಗಲಿಲ್ಲ. ದೀಪಕ್ಕೆ ಅವನು ಹಚ್ಚಲಿ, ಮೊಮ್ಮಗನಿಗೆ ನಾವು ಹಾಕೋಣ. ಹುಡುಗ ವರ್ಷಗಟ್ಟಲೆ ತಪ್ಪದೆ ಬಂದ.

ಸೂಜಿ ಬಿಸಾಡುವ ಕಾಲ ಅದಲ್ಲ. ಮೊಂಡಾದರೆ ಸಾಣೆಕಲ್ಲಿನ ಮೇಲೆ ಮಸೆಯುತ್ತಿದ್ದೆವು. ಮಸೆದ ಮೇಲೆ ತುದಿಯನ್ನು ಹತ್ತಿಯುಂಡೆಗೆ ಚುಚ್ಚಿ ಎಳೆಯಬೇಕು. ಒಂದು ಎಳೆ ಸಿಕ್ಕಿಕೊಂಡು ಬಂತೋ, ತುದಿ ಮಡಿಚಿದೆ ಅಂತ ಅರ್ಥ, ಮತ್ತೆ ಕಲ್ಲಿಗೆ. ಈ ಎಣ್ಣೆಗೆ ಸಣ್ಣ ಸೂಜಿ ಸಾಲದು, 21ನೇ ನಂಬರಿನದೇ ಬೇಕು. ಡಿಸೆಂಬರು ಜನವರಿಯ ಬೆಳಗಿನಲ್ಲಿ ಎಣ್ಣೆ ಇನ್ನಷ್ಟು ಮಂದವಾಗುತ್ತಿತ್ತು. ಆಗ ಆಂಪೂಲನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ರೋಗಿಯ ಜೊತೆ ಮಾತಾಡುತ್ತಿದ್ದೆ. ರಾಗಿ ಕಣ ಆಯಿತಾ, ಎಮ್ಮೆ ಕರು ಹಾಕಿತಾ, ತಂಗಿಗೆ ಗಂಡು ಗೊತ್ತಾಯಿತಾ. ಅಷ್ಟು ಹೊತ್ತಿಗೆ ಎಣ್ಣೆ ಸಡಿಲವಾಗುತ್ತಿತ್ತು, ಎದುರಿಗೆ ಕೂತವರೂ ಸಡಿಲವಾಗುತ್ತಿದ್ದರು. ಆಂಪೂಲಿನ ಕತ್ತಿಗೆ ಪುಟ್ಟ ಅರದಿಂದ ಗೀರು ಹಾಕಿ ಹತ್ತಿ ಹಿಡಿದು ಮುರಿಯುವಾಗ ಟಕ್ ಎನ್ನುವ ಸದ್ದಿಗೇ ಕಣ್ಣು ಮುಚ್ಚಿಕೊಳ್ಳುವವರೂ ಇದ್ದರು.

ಕೊಡುವ ಕ್ರಮವನ್ನು ದೊಡ್ಡ ಸಿಸ್ಟರ್ ಹೇಳಿಕೊಟ್ಟದ್ದು ಹೀಗೆ. ಪೃಷ್ಠವನ್ನು ಮನಸ್ಸಿನಲ್ಲೇ ನಾಲ್ಕು ಭಾಗ ಮಾಡು, ಹೊರಗಡೆಯ ಮೇಲಿನ ಭಾಗಕ್ಕೆ ಮಾತ್ರ ಹೋಗು. ಕೆಳಗಿಳಿದರೆ ಕಾಲಿಗೆ ಹೋಗುವ ದೊಡ್ಡ ನರವಿದೆ. ಎಡಗೈಯಿಂದ ಅಲ್ಲಿನ ಚರ್ಮವನ್ನು ಒಂದು ಅಂಗುಲ ಪಕ್ಕಕ್ಕೆ ಎಳೆದು ಹಿಡಿ. ಬಿಡಬೇಡ. ಸೂಜಿಯನ್ನು ನೇರ ಇಳಿಸು. ಹಿಡಿಯನ್ನು ತುಸು ಹಿಂದೆಳೆದು ನೋಡು, ರಕ್ತ ಬಂದರೆ ತೆಗೆದುಬಿಡು. ಬರಲಿಲ್ಲವೋ, ನಿಧಾನ ಒತ್ತು, ಒಂದು ಎಂ.ಎಲ್.ಗೆ ಹತ್ತು ಎಣಿಸುವಷ್ಟು ಹೊತ್ತು. ಮುಗಿದ ಮೇಲೆ ಮತ್ತೆ ಹತ್ತು ಎಣಿಸು, ಆಮೇಲೆ ಸೂಜಿ ತೆಗೆ, ಎಲ್ಲಕ್ಕಿಂತ ಕೊನೆಗೆ ಚರ್ಮ ಬಿಡು. ಎಳೆದ ಚರ್ಮ ತನ್ನ ಜಾಗಕ್ಕೆ ಸರಿದಾಗ ಸೂಜಿ ಹೋದ ದಾರಿ ಮುರಿದು ಮುಚ್ಚಿಕೊಳ್ಳುತ್ತದೆ, ಎಣ್ಣೆ ಒಸರಿ ಹೊರಗೆ ಬರುವುದಿಲ್ಲ. ಕೊನೆಯ ಮಾತು: ಉಜ್ಜಬೇಡ. ಬೇರೆ ಯಾವ ಇಂಜೆಕ್ಷನ್ ಕೊಟ್ಟರೂ ಹತ್ತಿಯಿಟ್ಟು ಉಜ್ಜಿ ಉಜ್ಜಿ ರೂಢಿಯಾದ ಕೈ ನಮ್ಮದು. ಈ ಸೂಜಿಯ ಮುಂದೆ ಅದನ್ನು ಸುಮ್ಮನಿರಿಸುವುದೇ ಒಂದು ಕಲಿಕೆ. ಎಡಕ್ಕೋ ಬಲಕ್ಕೋ ಕೊಟ್ಟದ್ದನ್ನು ಲೆಡ್ಜರಿನಲ್ಲಿ ‘ಎ’, ‘ಬ’ ಅಂತ ಗುರುತು ಹಾಕಿ, ಮುಂದಿನ ಸಲ ಪಕ್ಕ ಬದಲಿಸಬೇಕಿತ್ತು. ಒಂದೇ ಕಡೆ ಚುಚ್ಚಿದರೆ ಗಂಟು ಕಟ್ಟುತ್ತದೆ.

ನಮ್ಮ ಸೂಜಿಯ ದಿನ ಗುರುವಾರ, ಯಾಕೆಂದರೆ ಊರಿನ ಸಂತೆ ಗುರುವಾರ. ಸಂತೆ ಬಸ್ಸಿನಲ್ಲಿ ಬರುವವರಿಗೆ ಯಾರೂ ಎಲ್ಲಿಗೆ ಹೊರಟಿರಿ ಅಂತ ಕೇಳುವುದಿಲ್ಲ. ಒಬ್ಬ ತಾಯಿ ಮಗನನ್ನು ಕರೆದುಕೊಂಡು ಬರುತ್ತಿದ್ದಳು. ಬಸ್ ಚಾರ್ಜು ಒಬ್ಬರಿಗೆ ಒಂದು ರೂಪಾಯಿ ಎಂಬತ್ತು ಪೈಸೆ. ಬುಟ್ಟಿಯಲ್ಲಿ ನಾಟಿ ಕೋಳಿ ಮೊಟ್ಟೆ, ಮಾರಿ ಬಂದ ದುಡ್ಡಿನಲ್ಲಿ ಅವನಿಗೆ ಬೋಂಡ, ಕಾಫಿ. ಆಕೆಗೆ ಕ್ಯಾಲೆಂಡರು ಓದಲು ಬಾರದು. ಸೂಜಿ ಹಾಕಿಸಿದ ರಾತ್ರಿಯಿಂದ ನಡುಮನೆಯ ಗೋಡೆಗೆ, ದೀಪದ ಗೂಡಿನ ಪಕ್ಕ, ದಿನಕ್ಕೊಂದು ಸುಣ್ಣದ ಬೊಟ್ಟು ಇಡುತ್ತಿದ್ದಳು. ಸಾಲಿಗೆ ಏಳು, ಅಂಥವು ನಾಲ್ಕು ಸಾಲು. ಆಕೆಯ ಮಗ ಒಮ್ಮೆಯೂ ದಿನ ತಪ್ಪಿಸಿದ್ದು ನನ್ನ ಲೆಡ್ಜರಿನಲ್ಲಿಲ್ಲ.

ತಪ್ಪಿಸಿದವರಿಗೆ ಕಾಗದ ಬರೆಯುವುದೂ ನಮ್ಮದೇ ಕೆಲಸ. ಹದಿನೈದು ಪೈಸೆಯ ಕಾರ್ಡು. ಕಾರ್ಡು ಎಂದರೆ ತೆರೆದ ಬಾಗಿಲು. ಅಂಚೆಯವನು ಓದುತ್ತಾನೆ, ಅಕ್ಷರ ಬಾರದ ಮನೆಯಾದರೆ ಜಗಲಿ ಮೇಲೆ ನಿಂತು ಗಟ್ಟಿಯಾಗಿ ಓದಿಯೇ ಹೇಳುತ್ತಾನೆ. ಅದರಲ್ಲಿ ಕಾಯಿಲೆಯ ಹೆಸರು ಬರೆದರೆ ಆ ಮನೆಯ ಹೆಣ್ಣುಮಕ್ಕಳಿಗೆ ಗಂಡು ಸಿಗುವುದು ಕಷ್ಟ. ಅದಕ್ಕೆ ನಾವು "ಕ್ಷೇಮ. ಬರುವ ಗುರುವಾರ ಸಂತೆಗೆ ತಪ್ಪದೆ ಬನ್ನಿ. ನಿಮ್ಮ ಚಿಕ್ಕಮ್ಮ" ಅಂತ ಬರೆದು ಹಾಕುತ್ತಿದ್ದೆವು. ಹೀಗೆ ಮೂರು ತಾಲ್ಲೂಕಿನಲ್ಲಿ ನನಗೆ ಅಕ್ಕನ ಮಕ್ಕಳಿದ್ದರು. 1971ರ ‘ಶರಪಂಜರ’ ಸಿನಿಮಾದಲ್ಲಿ ಮನಸ್ಸು ಕೆಟ್ಟ ಹೆಂಗಸಿನ ಪಾಡು ನೋಡಿ ಅತ್ತವರೆಲ್ಲ ಕಲ್ಪನಾಗಾಗಿ ಅತ್ತಿದ್ದರು; ತಮ್ಮ ಬೀದಿಯಲ್ಲೇ ಅಂಥ ಹೆಣ್ಣುಮಗಳಿದ್ದರೆ ಅರಿಶಿನ ಕುಂಕುಮಕ್ಕೂ ಕರೆಯುತ್ತಿರಲಿಲ್ಲ. ಗುಟ್ಟು ಕಾಯುವುದು ನಮ್ಮ ಕೆಲಸದ ಅರ್ಧ ಭಾಗವಾಗಿತ್ತು.

ಕಾರ್ಡಿಗೂ ಬಾರದವರ ಮನೆಗೆ ನಾವೇ ಹೋಗುತ್ತಿದ್ದೆವು. ಬೆಂಗಳೂರಿನ ಸಕಲವಾರದಲ್ಲಿ 1975ರ ಹೊತ್ತಿಗೇ ನಿಮ್ಹಾನ್ಸಿನವರು ಹಳ್ಳಿ ಕಡೆ ಮುಖ ಮಾಡಿದ್ದರು. ಆಮೇಲೆ ಎಂಬತ್ತರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದವರಿಗೇ ಮನೋರೋಗದ ಚಿಕಿತ್ಸೆ ಕಲಿಸಿ ನೋಡಿದರು. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ನಮ್ಮಲ್ಲಿ ಅಂಥ ದೊಡ್ಡ ಏರ್ಪಾಟು ಇರಲಿಲ್ಲ. ಸ್ಟೀಲಿನ ತಿಂಡಿ ಡಬ್ಬಿಯಲ್ಲಿ ಒಣ ಸಿರಿಂಜು, ಹತ್ತಿಯಲ್ಲಿ ಸುತ್ತಿದ ಆಂಪೂಲು, ಸ್ಪಿರಿಟ್ಟಿನ ಪುಟ್ಟ ಸೀಸೆ, ಇಷ್ಟೇ ಸರಂಜಾಮು. ಎಣ್ಣೆ ಮದ್ದಿಗೆ ಐಸು ಬೇಕಿರಲಿಲ್ಲ, ಅದೊಂದು ದೊಡ್ಡ ಅನುಕೂಲ.

ಹಾಗೆ ಹೋದ ಒಂದು ಮನೆಯಲ್ಲಿ, ಸೂಜಿ ಹಾಕಿ ಕೈ ತೊಳೆಯಲು ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಅಜ್ಜಿ ಒಲೆಯ ಮೇಲೆ ಹೆಂಚಿಟ್ಟು ಕಲ್ಲುಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿಬಿಟ್ಟಿದ್ದಳು. ಮಗಳನ್ನು ಬೋರಲು ಮಲಗಿಸಿ ಶಾಖ ಕೊಡುವುದೊಂದೇ ಬಾಕಿ. ಓಡಿಹೋಗಿ ಗಂಟು ಹಿಡಿದುಕೊಂಡೆ. ಬಿಸಿ ಬಿದ್ದರೆ, ಉಜ್ಜಿದರೆ, ಮದ್ದು ಬೇಗ ಇಳಿದುಬಿಡುತ್ತದೆ. ನಾಲ್ಕು ವಾರಕ್ಕೆ ಬರಬೇಕಾದ್ದು ಮೊದಲೇ ಖರ್ಚಾಗುತ್ತದೆ. "ಅಜ್ಜೀ, ಇದು ಪಣತದಲ್ಲಿ ಕೂಡಿಟ್ಟ ರಾಗಿ. ಇವತ್ತೇ ಎಲ್ಲ ಬೀಸಿಬಿಟ್ಟರೆ ತಿಂಗಳು ಪೂರಾ ಏನು ಉಣ್ಣೋದು?" ಅಂದೆ. ಅಜ್ಜಿಗೆ ಥಟ್ಟನೆ ಹೊಳೆಯಿತು. ಉಪ್ಪಿನ ಗಂಟನ್ನು ವೃಥಾ ಮಾಡದೆ ತನ್ನ ಮಂಡಿಗೆ ಒತ್ತಿಕೊಂಡು ಕೂತಳು. ನನಗೆ ಕಂಚಿನ ಲೋಟದಲ್ಲಿ ಮಜ್ಜಿಗೆ ಕೊಟ್ಟಳು, ಕೊತ್ತಂಬರಿ, ಇಂಗು ಹಾಕಿದ್ದು.

ಈಗ ಅಡ್ಡ ಪರಿಣಾಮದ ವಿಚಾರ. ಇದರ ಬಗ್ಗೆ ತುಸು ನಿಧಾನಿಸಿಯೇ ಹೇಳುತ್ತೇನೆ, ಯಾಕೆಂದರೆ ಈ ಕೆಲಸದ ಜೀವ ಇರುವುದೇ ಅಲ್ಲಿ. ಮಾತ್ರೆ ಒಗ್ಗದಿದ್ದರೆ ನಾಳೆಯಿಂದ ನಿಲ್ಲಿಸಬಹುದು. ಎಣ್ಣೆ ಸೂಜಿ ಒಮ್ಮೆ ಒಳಗೆ ಹೋಯಿತೋ, ವಾರಗಟ್ಟಲೆ ವಾಪಸು ಬರುವುದಿಲ್ಲ. ಅದಕ್ಕೇ ಹೊಸಬರಿಗೆ ಮೊದಲು ಅರ್ಧ ಆಂಪೂಲು, ಹನ್ನೆರಡೂವರೆ ಮಿಲಿಗ್ರಾಂ, ಕೊಟ್ಟು ನೋಡುತ್ತಿದ್ದೆವು. ಆದರೂ ಸೂಜಿ ಹಾಕಿದ ಮೂರನೇ ದಿನ ಒಬ್ಬ ಹುಡುಗನನ್ನು ಅಣ್ಣಂದಿರು ಎತ್ತಿಕೊಂಡು ಬಂದರು. ಕುತ್ತಿಗೆ ಒಂದು ಕಡೆಗೆ ತಿರುಚಿದೆ, ಕಣ್ಣುಗುಡ್ಡೆ ಮೇಲಕ್ಕೆ ನಿಂತಿದೆ, ನಾಲಿಗೆ ಹೊರಳುತ್ತಿಲ್ಲ. ದಾರಿಯಲ್ಲಿ ಗಾಳಿ ಸೋಕಿದೆ ಅಂತ ಬೇವಿನ ಸೊಪ್ಪಿನಲ್ಲಿ ಬಡಿಸಿಕೊಂಡೇ ಬಂದಿದ್ದರು. ಫೆನರ್ಗಾನ್ ಇಂಜೆಕ್ಷನ್ ಕೊಟ್ಟು ಪಕ್ಕದಲ್ಲಿ ಕೂತೆ. ಅರ್ಧ ಗಂಟೆಯಲ್ಲಿ ಕುತ್ತಿಗೆ ನೆಟ್ಟಗಾಯಿತು, ಹುಡುಗ ನೀರು ಕೇಳಿದ. ಅವತ್ತಿನಿಂದ ಅವನಿಗೆ ಎರಡು ಮಿಲಿಗ್ರಾಂ ಪ್ಯಾಸಿಟೇನ್ ಮಾತ್ರೆ ಸೇರಿತು. ಅಣ್ಣಂದಿರಿಗೆ ಕಣ್ಣಾರೆ ಕಂಡ ಪಾಠವಾಯಿತು, ಮುಂದೆ ಗಾಬರಿ ಬೀಳಲಿಲ್ಲ.

ಕುತ್ತಿಗೆ ತಿರುಚುವುದು ಎಲ್ಲರಿಗೂ ಕಾಣುತ್ತದೆ. ಕಾಣದೇ ಹೋಗುವುದು ಇನ್ನೊಂದು. ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು, ಸೂಜಿ ಹಾಕಿಸಿಕೊಂಡು ಹೋದ ಮೇಲೆ ರಾತ್ರಿಯೆಲ್ಲ ಹಜಾರದಲ್ಲಿ ಅತ್ತಿಂದಿತ್ತ ನಡೆಯತೊಡಗಿದಳಂತೆ. ಅತ್ತೆ ಕರೆದುಕೊಂಡು ಬಂದು, "ಸಿಸ್ಟರಮ್ಮ, ಮತ್ತೆ ಕೆರಳೈತೆ, ಇನ್ನೊಂದು ಸೂಜಿ ಹಾಕ್ಬಿಡಿ," ಅಂದರು. ಹುಡುಗಿಯನ್ನು ಸ್ಟೂಲಿನ ಮೇಲೆ ಕೂರಿಸಿ ಅವಳ ಮಂಡಿ ನೋಡಿದೆ. ಕೂತರೂ ಕಾಲು ಕೂರುತ್ತಿರಲಿಲ್ಲ. "ಏನಾಗ್ತಿದೆಯಮ್ಮ?" ಅಂದೆ. "ಕೂತ್ಕೊಳ್ಳೋಕೆ ಆಗಲ್ಲಕ್ಕ. ಕಾಲೊಳಗೆ ಏನೋ ಹರೀತದೆ. ನಡೆದ್ರೆ ಒಂಚೂರು ವಾಸಿ," ಅಂದಳು. ಮಾತು ತಿಳಿಯಾಗಿತ್ತು, ತಲೆ ಸ್ತಿಮಿತದಲ್ಲಿತ್ತು. ಅದು ಕಾಯಿಲೆಯಲ್ಲ, ಮದ್ದಿನ ಚಡಪಡಿಕೆ. ಇನ್ನೊಂದು ಸೂಜಿ ಹಾಕಿದ್ದರೆ ಬೆಂಕಿಗೆ ಸೀಮೆಎಣ್ಣೆ ಸುರಿದಂತೆ. ಡಾಕ್ಟರಿಗೆ ಹೇಳಿದೆ, ಡೋಸು ಇಳಿಯಿತು, ಚಡಪಡಿಕೆಗೆ ಬೇರೆ ಮಾತ್ರೆ ಬಂತು. ಸೂಜಿ ಕೊಡುವವರು ಕಣ್ಣು ಬಿಟ್ಟು ನೋಡದಿದ್ದರೆ, ಬಾಯಿ ಬಿಟ್ಟು ಕೇಳದಿದ್ದರೆ, ಅಂಥ ಹುಡುಗಿ ಎರಡು ಪಟ್ಟು ಮದ್ದು ತಿಂದು ನರಳುತ್ತಾಳೆ. ಇದನ್ನು ನನ್ನ ಕೈಕೆಳಗೆ ಕಲಿತ ಪ್ರತಿಯೊಬ್ಬ ಹುಡುಗಿಗೂ ಹೇಳಿದ್ದೇನೆ.

ವರ್ಷಗಟ್ಟಲೆ ಸೂಜಿ ಹಾಕಿಸಿಕೊಂಡ ಕೆಲವರ ಬಾಯಿ ತಾನಾಗಿ ಅಗಿಯುತ್ತಿತ್ತು. ಎಲೆಅಡಿಕೆ ಹಾಕಿದ್ದಾರೆ ಅಂತಲೇ ಅಂದುಕೊಳ್ಳಬೇಕು, ಬಾಯಿ ತೆರೆಸಿದರೆ ಒಳಗೆ ಏನೂ ಇಲ್ಲ. ಅದು ನಿಧಾನಕ್ಕೆ ಬರುವ ತೊಂದರೆ, ಹೋಗುವುದು ಕಷ್ಟ. ಹಾಗಾಗಿ ಸೂಜಿಗೆ ಮುಂಚೆ ನಾಲಿಗೆ ಚಾಚಿಸಿ, ಕೈ ಮುಂದೆ ಹಿಡಿಸಿ, ನಾಲ್ಕು ಹೆಜ್ಜೆ ನಡೆಸಿ ನೋಡುವುದನ್ನು ರೂಢಿ ಮಾಡಿಕೊಂಡೆ. ಕ್ಯೂ ಉದ್ದವಿದ್ದ ದಿನ ಜೊತೆಯವರು ಗೊಣಗುತ್ತಿದ್ದರು. ಗೊಣಗಲಿ.

ಬಲವಂತದ ವಿಚಾರವನ್ನೂ ಮುಚ್ಚಿಡುವುದಿಲ್ಲ. 1912ರ ಹುಚ್ಚರ ಕಾಯಿದೆ ಆಗಿನ್ನೂ ಜಾರಿಯಲ್ಲಿತ್ತು. 1987ರಲ್ಲಿ ಹೊಸ ಕಾನೂನು ಪಾಸಾದರೂ ಜಾರಿಗೆ ಬಂದದ್ದು 1993ರಲ್ಲಿ. ನಾನು ಕಂಡ ಒಂದು ಆಸ್ಪತ್ರೆಯಲ್ಲಿ ಸೂಜಿ ಬೇಡ ಅಂದವರನ್ನು ಇಬ್ಬರು ತೋಳು ಹಿಡಿದು, ಒಬ್ಬರು ಕಾಲ ಮೇಲೆ ಕೂತು ಹಾಕುತ್ತಿದ್ದರು. ಕೈ ಮೀರಿ ಕೆರಳಿ ತನಗೋ ಇನ್ನೊಬ್ಬರಿಗೋ ಅಪಾಯ ಮಾಡಿಕೊಳ್ಳುವವರ ಮಾತು ಬೇರೆ. ಆದರೆ ತಿಂಗಳ ಸೂಜಿಗೆ ಆ ಅವಸರ ಏನಿದೆ? ಕೇಳಿ, ಒಪ್ಪಿಸಿ ಹಾಕಿದವರು ಮುಂದಿನ ತಿಂಗಳು ತಾವಾಗಿ ಬರುತ್ತಿದ್ದರು. ಕೆಡವಿ ಹಾಕಿದವರನ್ನು ಮುಂದಿನ ತಿಂಗಳು ಮತ್ತೆ ಹುಡುಕಬೇಕಿತ್ತು. ಒಬ್ಬ ನಿವೃತ್ತ ಮೇಷ್ಟರು ನನಗೆ ಹೇಳಿದ್ದರು: "ಸೂಜಿ ನೋವು ಒಂದು ನಿಮಿಷ ತಾಯಿ. ಪಂಚೆ ಎಳೆದ ಅವಮಾನ ಇವತ್ತಿಗೂ ಇದೆ." 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ 2018ರ ಮೇ ತಿಂಗಳಲ್ಲಿ ಜಾರಿಗೆ ಬಂದಾಗ ನನ್ನ ಸೇವೆಯ ಕೊನೆಯ ವರ್ಷಗಳು. ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ವ್ಯಕ್ತಿ ಮೊದಲೇ ಬರೆದಿಡಬಹುದು, ತನ್ನ ಪರವಾಗಿ ಮಾತಾಡುವವರನ್ನು ತಾನೇ ಹೆಸರಿಸಬಹುದು. ಆ ಮೇಷ್ಟರು ಅಷ್ಟು ದಿನ ಇರಲಿಲ್ಲ.

ಗಾಜಿನ ಸಿರಿಂಜು ಹೋದದ್ದು ತೊಂಬತ್ತರ ದಶಕದಲ್ಲಿ, ಏಡ್ಸಿನ ಭಯ ಊರೂರಿಗೆ ಬಂದ ಮೇಲೆ. ಕಾಗದ ಹರಿದು ತೆಗೆದು, ಒಮ್ಮೆ ಬಳಸಿ, ಬಿಸಾಡು. ಸಾಣೆಕಲ್ಲು ಸ್ಟೋರಿನ ಮೂಲೆ ಸೇರಿತು, ಆಮೇಲೆ ಯಾರೋ ಮನೆಗೆ ಚಾಕು ಮಸೆಯಲು ತೆಗೆದುಕೊಂಡು ಹೋದರು. ಕೆಂಪು ದಾರದ ಬಟ್ಟೆ ಏನಾಯಿತೋ. ಹಳೆಯದು ಚೆನ್ನಾಗಿತ್ತು ಅಂತ ನಾನು ಹೇಳುವುದಿಲ್ಲ. ಮಸೆದ ಸೂಜಿಯ ನೋವು ಹೊಸ ಸೂಜಿಯ ನೋವಿಗಿಂತ ಹೆಚ್ಚೇ ಇತ್ತು, ಕುದಿಸಿದ್ದು ಸಾಕಾಯಿತೋ ಇಲ್ಲವೋ ಅನ್ನುವ ಅನುಮಾನವೂ ಇತ್ತು.

ಮದ್ದುಗಳೂ ಬದಲಾದವು. ಹ್ಯಾಲೊಪೆರಿಡಾಲಿನ ಎಣ್ಣೆ ಸೂಜಿ ಬಂತು, ಅದೂ ಎಳ್ಳೆಣ್ಣೆಯದೇ, ನಾಲ್ಕು ವಾರಕ್ಕೊಮ್ಮೆ. ತೆಂಗಿನೆಣ್ಣೆಯಿಂದ ತೆಗೆದ ತೆಳು ಎಣ್ಣೆಯಲ್ಲಿ ಫ್ಲುಪೆಂಥಿಕ್ಸಾಲ್ ಬಂತು. ಆಮೇಲೆ ಎಣ್ಣೆಯೇ ಇಲ್ಲದ ಸೂಜಿಗಳು. ರಿಸ್ಪೆರಿಡೋನನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಗುಂಡುಗಳಲ್ಲಿ ತುಂಬಿದ್ದು, ಎರಡು ವಾರಕ್ಕೊಂದು. ಅದನ್ನು ಫ್ರಿಜ್ಜಿನಲ್ಲೇ ಇಡಬೇಕು, ಮೊದಲ ಮೂರು ವಾರ ಮಾತ್ರೆಯನ್ನೂ ಕೊಡುತ್ತಿರಬೇಕು. ಓಲಾಂಜಪೀನಿನ ಸೂಜಿ ಕೊಟ್ಟರೆ ಮೂರು ಗಂಟೆ ಕಣ್ಣೆದುರೇ ಕೂರಿಸಿಕೊಳ್ಳಬೇಕು, ಅಪರೂಪಕ್ಕೆ ಮಂಪರು ಕವಿದು ಬೀಳುವುದುಂಟು. ಪ್ಯಾಲಿಪೆರಿಡೋನ್ ಮೊದಲ ದಿನ 150, ಎಂಟನೇ ದಿನ 100 ಮಿಲಿಗ್ರಾಂ, ಎರಡೂ ತೋಳಿಗೆ, ಆಮೇಲೆ ತಿಂಗಳಿಗೊಂದು. ಅದರಲ್ಲೇ ಮೂರು ತಿಂಗಳಿಗೊಮ್ಮೆ ಕೊಡುವುದೂ ಬಂದಿದೆ, ಹೊರದೇಶದಲ್ಲಿ ಆರು ತಿಂಗಳಿನದೂ ಇದೆ. ತೋಳಿಗೆ ಅಂದಾಗ ಹೆಣ್ಣುಮಕ್ಕಳ ಮುಖ ಅರಳಿದ್ದು ನೋಡಿದ್ದೇನೆ. ಸೀರೆ ಸಡಿಲಿಸುವ ಸಂಕೋಚ ತಪ್ಪಿತು. ರವಿಕೆಯ ಬಿಗಿ ತೋಳಿನದು ಮಾತ್ರ ಸ್ವಲ್ಪ ತಕರಾರು.

ಸೊಂಟದ ಸೂಜಿಯ ಜಾಗವೂ ಬದಲಾಗಿದೆ. ಈಗಿನ ಹುಡುಗಿಯರಿಗೆ ಹೇಳಿಕೊಡುವುದು ಸೊಂಟದ ಪಕ್ಕದ ಜಾಗ. ತೊಡೆಯ ಮೂಳೆಯ ಗುಬುಟಿನ ಮೇಲೆ ಅಂಗೈ ಇಟ್ಟು, ತೋರುಬೆರಳನ್ನು ಸೊಂಟದ ಮುಂದಿನ ಮೂಳೆಯ ತುದಿಗೂ ನಡುಬೆರಳನ್ನು ಮೂಳೆಯ ಅಂಚಿನಗುಂಟ ಹಿಂದಕ್ಕೂ ಚಾಚಿದರೆ ಬೆರಳುಗಳ ನಡುವೆ ಸಿಗುತ್ತದಲ್ಲ, ಅದೇ ಜಾಗ. ದೊಡ್ಡ ನರ ಅಲ್ಲಿಂದ ದೂರ, ದೊಡ್ಡ ರಕ್ತನಾಳವೂ ಇಲ್ಲ. ಪಕ್ಕಕ್ಕೆ ಮಲಗಿಸಿದರೆ ಸಾಕು. ನಿವೃತ್ತಿಗೆ ಹತ್ತಿರದ ವಯಸ್ಸಿನಲ್ಲಿ ನಾನೂ ಇದನ್ನು ಕಲಿತೆ, ನನ್ನ ಮಗಳ ವಯಸ್ಸಿನ ಸ್ಟಾಫ್ ನರ್ಸ್ ಹತ್ತಿರ. ಆಕೆಯ ಕೈ ಚೆನ್ನಾಗಿತ್ತು.

ಬೆಲೆಯ ಮಾತು ಬಂದರೆ ಮನಸ್ಸು ಕಹಿಯಾಗುತ್ತದೆ. ನಮ್ಮ ಕಾಲದಲ್ಲಿ ಆಸ್ಪತ್ರೆಯಲ್ಲಿ ಸ್ಟಾಕು ಮುಗಿದರೆ ಹೊರಗೆ ಒಂದು ಆಂಪೂಲಿಗೆ ಇಪ್ಪತ್ತರ ಮೇಲೆ ಬೀಳುತ್ತಿತ್ತು, ಕಳೆ ಕೀಳುವ ಹೆಣ್ಣಾಳಿನ ಮೂರು ನಾಲ್ಕು ದಿನದ ಕೂಲಿ. ಈಗಿನ ಹೊಸ ಸೂಜಿಗೆ ಸಾವಿರಗಟ್ಟಲೆ. ಕೂಲಿ ಏರಿದೆ ನಿಜ, ಆದರೂ ಅದು ಬಡವರ ಕೈಗೆ ಎಟುಕುವ ಸರಕಲ್ಲ. ಹೊಸ ಸೂಜಿಗಳಿಂದ ನಡುಕ, ಬಿಗಿತ ಬರುವುದು ಕಡಿಮೆ, ಆದರೆ ತೂಕ ಏರುತ್ತದೆ. ಹಳೆಯವು ಅಗ್ಗ, ಕೈಕಾಲು ಹಿಡಿಯುತ್ತವೆ. ಯಾರಿಗೆ ಯಾವುದು ಹೊಂದುತ್ತದೆ ಅನ್ನುವುದನ್ನು ಜೇಬು ತೀರ್ಮಾನಿಸುವಂತಾಗಬಾರದು. ಸರ್ಕಾರಿ ಆಸ್ಪತ್ರೆಯಲ್ಲಿ ಹೊಸದೂ ಸಿಗಬೇಕು, ಹಳೆಯದು ಯಾವತ್ತೂ ಖಾಲಿಯಾಗಬಾರದು. ಇದನ್ನು ನಾನು ಸೇವೆಯಲ್ಲಿದ್ದಾಗಲೂ ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದ್ದೇನೆ.

ಈಗ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯದ ದಿನ, ಮನೋವೈದ್ಯರೇ ಅಲ್ಲಿಗೆ ಬರುತ್ತಾರೆ. ಕಾರ್ಡಿನ ಬದಲು ಫೋನು, ಸುಣ್ಣದ ಬೊಟ್ಟಿನ ಬದಲು ಮೊಬೈಲಿನ ಅಲಾರಮ್ಮು. ಸಂತೆ ಬಸ್ಸು ಕಾಯಬೇಕಿಲ್ಲ.

ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಯಾರಿಗಾದರೂ ಈ ಸೂಜಿ ನಡೆಯುತ್ತಿದ್ದರೆ ನನ್ನದೊಂದು ಕೇಳಿಕೆ. ಹಾಕಿಸಿದ ಜಾಗಕ್ಕೆ ಉಜ್ಜಬೇಡಿ, ಶಾಖ ಕೊಡಬೇಡಿ. ಕಾಲು ನಿಲ್ಲದೆ ಚಡಪಡಿಸಿದರೆ, ಕೈ ನಡುಗಿದರೆ, ಬಾಯಿ ಅಗಿದರೆ, ಕೇಳುವವರೆಗೆ ಕಾಯದೆ ನರ್ಸಿಗೆ ಹೇಳಿ. ದಿನ ತಪ್ಪಿ ಹೋದರೆ ಬೈಯುತ್ತಾರೆ ಅಂತ ಹೆದರಿ ಮನೆಯಲ್ಲಿ ಉಳಿಯಬೇಡಿ, ಎಷ್ಟು ತಡವಾದರೂ ಕರೆದುಕೊಂಡು ಹೋಗಿ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಟೆಲಿ ಮಾನಸ್ ಸಹಾಯವಾಣಿಯ ನಂಬರು 14416, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.